ಗೋಡೆ ಕಡೆಯ ಮಗ್ಗುಲು

ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿದ ಕಂಬಳಿಗೆ ಒಂದು ಹುಳಿ ವಾಸನೆ ಇರುತ್ತದೆ. ನೀರು ತಾಕಿದರೆ ಅದು ಇನ್ನೂ ಜೋರಾಗುತ್ತದೆ. ಹೋದ ವರ್ಷ ಬೇಸಿಗೆಯ ಕೊನೆಗೆ ಚಳ್ಳಕೆರೆಯ ಕಂಬಳಿ ಸಂತೆಗೆ ಹೋಗಿದ್ದೆ. ಮೊಮ್ಮಗಳ ಮದುವೆಯ ಶಾಸ್ತ್ರಕ್ಕೆ ಒಂದು ಕರಿಯ ಕಂಬಳಿ ಬೇಕಾಗಿತ್ತು. ಹಿಂದಿನ ಸಂಜೆ ಮಳೆ ಬಂದು ವ್ಯಾಪಾರಿಗಳ ಗಂಟುಗಳು ನೆನೆದಿದ್ದವು. ಒಂದು ಕಂಬಳಿ ಬಿಡಿಸಿ ಮುಖದ ಹತ್ತಿರ ತಂದೆ. ಅಲ್ಲೇ ಗಂಟಿನ ಮೇಲೆ ಕೂತುಬಿಟ್ಟೆ.

"ಕ್ಯಾ ಹುವಾ ಯಜಮಾನ್ರೇ, ತಬಿಯತ್ ಸರಿ ಇಲ್ವಾ?" ಎಂದು ವ್ಯಾಪಾರಿ ನೀರಿನ ಬಾಟಲಿ ಮುಂದೆ ಹಿಡಿದ.

ನೀರು ಕುಡಿದು ತಲೆ ಎತ್ತಿದರೆ ಎದುರಿಗೆ ಬರಿಗಾಲಿನ ಒಬ್ಬ ಮನುಷ್ಯ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಿಂತ ನಿಲುವಿನಿಂದಲೇ ಗುರುತು ಹಿಡಿದೆ. ಓಬಣ್ಣ. ಕೊಂಡ್ಲಹಳ್ಳಿ ಕಡೆಯ ಹಟ್ಟಿಯವನು, ದೇವರ ಎತ್ತುಗಳನ್ನು ಕಾಯುವ ಕಿಲಾರಿ.

"ಆಸ್ಪತ್ರಿ ತಿಪ್ಪಣ್ಣ ಅಲ್ಲೇನ್ರಿ? ಬದುಕಿದೀರಾ ಇನ್ನಾ!" ಎಂದು ನಕ್ಕು ನನ್ನ ಎರಡೂ ಕೈ ಹಿಡಿದುಕೊಂಡ. ಪಕ್ಕದಲ್ಲಿದ್ದ ಅಳಿಯನಿಗೆ ಹೇಳಿದ, "ಲೇ, ಇವ್ರೇ ಕಣೋ. ಅಪ್ಪ ಬಿದ್ದಾಗ ಉಚ್ಚೆ ಹೇಲು ಬಳಿದೋರು. ಹೊಟ್ಟೇಲಿ ಹುಟ್ಟಿದ ನಾನು ಮಾಡ್ಲಿಲ್ಲ."

ನಾನು ಏನೋ ಗೊಣಗಿದೆ. ಮಾತು ಎತ್ತುಗಳ ಕಡೆ ತಿರುಗಿತು. ಈಗಲೂ ಶ್ರಾವಣಕ್ಕೆ ಮೇವಿನಿಂದ ಹಟ್ಟಿಗೆ ಬರುತ್ತವೆಯೇ ಎಂದು ಕೇಳಿದೆ.

"ಬರ್ತಾವ್ರಿ. ಗೋಕಟ್ಟೆ ಹತ್ರ ಮಾತ್ರ ನಿಲ್ಸಲ್ಲ. ಅವತ್ತಿಂದ ನಿಲ್ಸಿಲ್ಲ. ಒಣಗಿದ ಗಂಟ್ಲಲ್ಲೇ ಹಟ್ಟಿಗೆ ಬರ್ಬೇಕು. ಅವತ್ತು ನಾನು ನೀರು ಕುಡಿಸ್ತಾ ನಿಲ್ದೇ ಇದ್ದಿದ್ರೆ ಅಪ್ಪ ಎತ್ತುಗಳನ್ನ ಕಣ್ಣಲ್ಲಿ ನೋಡಿ ಸಾಯ್ತಿದ್ದ. ಒಂದು ಗಳಿಗೆ ತಡ ಮಾಡ್ದೆ ನೋಡ್ರಿ."

ಅವನು ತಡ ಮಾಡಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಇಪ್ಪತ್ತು ವರ್ಷದ ಮೇಲಾಯಿತು, ಹೇಳಲಿಲ್ಲ. ಸಂತೆಯಲ್ಲಿ ಕೈ ಹಿಡಿದು ನಿಂತಾಗಲೂ ಹೇಳಲಿಲ್ಲ. ಆ ಒಂದು ಆಷಾಢದ ಕತೆಯನ್ನು ಈಗ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ ನಮ್ಮದೂ ಮುಚ್ಚಿತು. ಆಗ ಒಂದು ಸಂಸ್ಥೆಯವರು ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ ಶುರುಮಾಡಿದ್ದರು. ಲಕ್ವ ಹೊಡೆದವರು, ಸೊಂಟ ಮುರಿದವರು, ವಯಸ್ಸಾಗಿ ಏಳಲಾರದವರು. ಅವರ ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ಗಂಜಿ ಕುಡಿಸಬೇಕು, ಕೈಕಾಲು ಆಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮಗ್ಗುಲು ಬದಲಿಸಬೇಕು. ತರಬೇತಿ ಕೊಟ್ಟ ಸಿಸ್ಟರ್ ಅದನ್ನೇ ಹೇಳಿ ಹೇಳಿ ನಮ್ಮ ತಲೆ ತಿಂದಿದ್ದರು. "ಔಷಧಿ ಒಂದು ಹೊತ್ತು ತಪ್ಪಿದರೆ ನಾನು ನೋಡ್ಕೋತೀನಿ. ಮಗ್ಗುಲು ತಪ್ಪಿದರೆ ದೇವರೂ ನೋಡ್ಕೊಳ್ಳಲ್ಲ."

ಕೆಲಸ ಎರಡು ಹೋಳಾಗಿತ್ತು. ಮನೆಯವರು ಹೊಲಕ್ಕೆ, ಕೂಲಿಗೆ ಹೊರಡುವ ಮುಂಚೆ ಒಂದು ಪಾಳಿ. ಅವರು ಮರಳಿದ ಮೇಲೆ ಇನ್ನೊಂದು. ಬೆಳಕು ಹರಿಯುವ ಮೊದಲು ಚಳ್ಳಕೆರೆಯಲ್ಲಿ ಬಸ್ಸು ಹತ್ತಿದರೆ ಮೊಳಕಾಲ್ಮೂರು ರಸ್ತೆಯ ಕ್ರಾಸುಗಳಲ್ಲಿ ಒಬ್ಬೊಬ್ಬರಾಗಿ ಇಳಿದುಕೊಳ್ಳುತ್ತಿದ್ದೆವು. ಬಿಸಿಲು ಏರುವ ಹೊತ್ತಿಗೆ ಮೊದಲ ಪಾಳಿ ಮುಗಿಯುತ್ತಿತ್ತು. ಆಮೇಲೆ ಸಂಜೆಯವರೆಗೆ ಏನೂ ಇಲ್ಲ. ಮನೆಗೆ ಹೋಗಿ ಬರಲು ಬಸ್ಸು ಹೊಂದುತ್ತಿರಲಿಲ್ಲ. ಆ ನಡುಹಗಲು ಕೆಲಸವೂ ಅಲ್ಲ, ಬಿಡುವೂ ಅಲ್ಲ. ರಾತ್ರಿ ಮನೆ ಸೇರಿ ಮುದ್ದೆ ನುಂಗಿ ಮಲಗಿದರೆ ಕಣ್ಣು ಮುಚ್ಚಿದೆನೋ ಇಲ್ಲವೋ ಎನ್ನುವಷ್ಟರಲ್ಲಿ ಹೆಂಡತಿ ಎಬ್ಬಿಸುತ್ತಿದ್ದಳು. ಹಗಲೆಲ್ಲ ಖಾಲಿ ಕೂತಿರುತ್ತೀಯಲ್ಲ, ನಿನಗೇನು ದಣಿವು ಎಂದು ನೆಂಟರು ಕೇಳುತ್ತಿದ್ದರು. ದಣಿವು ಆ ಖಾಲಿ ಕೂರುವುದರಿಂದಲೇ ಬರುತ್ತಿತ್ತು. ಅದನ್ನು ಯಾರಿಗೆ ಹೇಗೆ ಹೇಳುವುದು?

ನನ್ನ ಜೊತೆ ಅದೇ ಬಸ್ಸಿಗೆ ಬರುತ್ತಿದ್ದವಳು ನೂರ್‌ಜಾನ್. ಚಳ್ಳಕೆರೆಯವಳೇ, ಗಂಡ ತೀರಿಕೊಂಡಿದ್ದ. ನನ್ನನ್ನು ಭಾಯಿ ಎನ್ನುತ್ತಿದ್ದಳು. ಹಾಸಿಗೆ ಹಿಡಿದ ಹೆಂಗಸರ ಮನೆಗಳು ಅವಳವು, ಗಂಡಸರ ಮನೆಗಳು ನನ್ನವು. ನಿದ್ದೆಯ ಮಾತು ಬಿಟ್ಟರೆ ನಮಗೆ ಬೇರೆ ಮಾತಿರಲಿಲ್ಲ. ಕಂಬಿ ಹಿಡಿದು ನಿಂತೇ ನಿದ್ದೆ ಮಾಡುವುದನ್ನು ಕಲಿತಿದ್ದೆವು. ಕಂಡಕ್ಟರ್ ನನ್ನ ಬೆನ್ನಿಗೆ ಟಿಕೆಟ್ ಹಲಗೆಯಿಂದ ತಟ್ಟಿ, "ಏ ಆಸ್ಪತ್ರಿ ಸ್ವಾಮಿ, ಇಳಿಯಪ್ಪ! ಇಲ್ದಿದ್ರೆ ಬಳ್ಳಾರಿ ಜೈಲು ತೋರಿಸ್ಕೊಂಡು ಬರ್ತೀನಿ" ಎನ್ನುತ್ತಿದ್ದ.

ನೂರ್‌ಜಾನ್ ತನ್ನ ನಡುಹಗಲಿಗೆ ಒಂದು ದಾರಿ ಕಂಡುಕೊಂಡಿದ್ದಳು. ಕೊಂಡ್ಲಹಳ್ಳಿಯಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿಯ ಮನೆಯಲ್ಲೇ ಚಾಪೆ ಹಾಕಿ ಮಲಗುತ್ತಿದ್ದಳು. "ಅಜ್ಜಿ ಗೊರಕೆ ಒಂದ್ ಕಡೆ, ನನ್ ಗೊರಕೆ ಒಂದ್ ಕಡೆ. ಜೋಡಿ ನಗಾರಿ ಭಾಯಿ! ಬೆಕ್ಕೂ ಒಳಗ್ ಬರಲ್ಲ." ನನಗೆ ಅಂಥ ಮನೆ ಸಿಗಲಿಲ್ಲ. ಕ್ರಾಸಿನಲ್ಲಿ ಮೂರು ಗೋಡೆಯ ಒಂದು ಬಸ್ ತಂಗುದಾಣವಿತ್ತು. ಅದರ ಕಲ್ಲುಬೆಂಚೇ ನನ್ನ ಜಾಗ.

ಆ ವರ್ಷ ಆಷಾಢದ ಗಾಳಿ ಹುಚ್ಚು ಹಿಡಿದಂತೆ ಬೀಸಿತು. ನಮ್ಮ ಸೀಮೆಯಲ್ಲಿ ಆಷಾಢವೆಂದರೆ ಗಾಳಿಯೇ. ಮೋಡ ಓಡುತ್ತವೆ, ಮಳೆ ಬೀಳುವುದಿಲ್ಲ. ಆದರೆ ಅಂಥ ಗಾಳಿಯನ್ನು ನಾನು ಅದಕ್ಕೆ ಮೊದಲೂ ಆಮೇಲೂ ಕಂಡಿಲ್ಲ. ಕೆಂಪು ಧೂಳು ಹಲ್ಲಿನ ಸಂದಿಗೆ ಸೇರುತ್ತಿತ್ತು. ತಂಗುದಾಣದ ತಗಡು ಹಗಲೆಲ್ಲ ಬಡಿದುಕೊಳ್ಳುತ್ತಿತ್ತು. ಮಾತಾಡಿದ್ದು ಕೇಳಿಸದೆ ಜನ ಒಬ್ಬರನ್ನೊಬ್ಬರು ಬೈದಂತೆ ಕೂಗುತ್ತಿದ್ದರು.

ಗಾಳಿ ಶುರುವಾಗುವ ಮುಂಚೆ ಬೋರಜ್ಜ ನನ್ನ ಪಾಲಿಗೆ ಬಂದಿದ್ದ. ಅವನು ಓಬಣ್ಣನ ತಂದೆ, ಹಳೆಯ ಕಿಲಾರಿ. ಹುಡುಗನಾಗಿದ್ದಾಗಿನಿಂದ ದೇವರ ಎತ್ತುಗಳ ಹಿಂದೆಯೇ ನಡೆದವನು. ವರವು ಕಾವಲಿನ ಹುಲ್ಲುಬಯಲು, ಜಟಿಂಗ ರಾಮೇಶ್ವರದ ಬೆಟ್ಟದ ಬುಡ, ಎಲ್ಲ ಅವನ ಕಾಲಿಗೆ ಗೊತ್ತಿದ್ದವು. ಆ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ, ಹೊಡೆಯುವುದೂ ಇಲ್ಲ. ಅವಕ್ಕೆ ನಡಿ ಎನ್ನಬೇಕಾದರೆ ಬೋರಜ್ಜ ನಾಲಗೆಯನ್ನು ಅಂಗುಳಿಗೆ ತಾಗಿಸಿ ಟಕ್ ಟಕ್ ಎನ್ನಿಸುತ್ತಿದ್ದನಂತೆ. ಅಷ್ಟಕ್ಕೇ ಹಿಂಡು ಏಳುತ್ತಿತ್ತಂತೆ. ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಆ ಟಕ್ ಟಕ್ ಒಂದು ಉಳಿದಿತ್ತು. ಹಸಿದರೂ ಅದೇ, ನೊಂದರೂ ಅದೇ, ಸಂತೋಷಕ್ಕೂ ಅದೇ.

ಓಬಣ್ಣ ಈಗ ಕಿಲಾರಿಯಾಗಿ ಎತ್ತುಗಳ ಜೊತೆ ಕಾವಲಿನಲ್ಲಿದ್ದ. ಮನೆಯಲ್ಲಿ ಅವನ ಹೆಂಡತಿ ಪಾಪಮ್ಮ ಒಬ್ಬಳೇ. ಶೇಂಗಾ ಬಿತ್ತನೆಯ ಕಾಲ, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅದೂ ಅಲ್ಲದೆ ಎತ್ತುಗಳ ಸೇವೆಗೆ ನಿಂತ ಮೇಲೆ ಹೆಂಗಸರಿಂದ ಮೈ ಮುಟ್ಟಿಸಿಕೊಳ್ಳುವುದಿಲ್ಲ ಎಂದು ಬೋರಜ್ಜ ತಾನೇ ಒಂದು ನೇಮ ಹಾಕಿಕೊಂಡಿದ್ದ. ಅಂಬಲಿ ಕುಡಿಸಲು ಬಿಡುತ್ತಿದ್ದನೇ ಹೊರತು ಸೊಸೆ ತೋಳಿಗೆ ಕೈ ಹಾಕಿದರೆ ಕಣ್ಣಲ್ಲಿ ನೀರು ತರುತ್ತಿದ್ದ. ಹಾಗಾಗಿ ಅವನ ಮೈಯ ಕೆಲಸವೆಲ್ಲ ನನ್ನದು.

ಮೊದಲ ವಾರವೇ ಪಾಪಮ್ಮ ಬಾಗಿಲಲ್ಲಿ ನಿಂತು ಕೇಳಿದಳು, "ತಿಪ್ಪಣ್ಣ, ಶ್ರಾವಣಕ್ಕೆ ಎತ್ತು ಬರ್ತಾವೆ. ಅವತ್ತು ಮಾಮನ್ನ ಬಾಗಿಲಾಗೆ ಕೂರಿಸ್ಬೇಕು. ಮುಂದಿನೆತ್ತಿನ ಹಣೆ ಮುಟ್ಟಿಸ್ಬೇಕು. ಆಗ್ತೈತಾ?"

"ಆಗ್ತೈತೆ ತಾಯಿ. ಮೈಯಲ್ಲಿ ಹುಣ್ಣು ಆಗದಂಗೆ ನೋಡ್ಕೊಂಡ್ರೆ ಖಂಡಿತ ಕೂರಿಸ್ತೀನಿ. ಹುಣ್ಣಾದ್ರೆ ಮಾತ್ರ ಕೂರಾಕಾಗಲ್ಲ."

"ಇನುಕುಂಟಿವಾ ಮಾಮಾ?" ಎಂದು ಅವಳು ತೆಲುಗಿನಲ್ಲಿ ಮುದುಕನನ್ನು ಕೇಳಿದಳು, ಕೇಳಿಸಿತಾ ಎಂದು. ಬೋರಜ್ಜ ಟಕ್ ಟಕ್ ಎಂದ. ಎಡಗೈ ಎತ್ತಿ ನನ್ನ ಮೊಣಕೈ ಹಿಡಿದುಕೊಂಡ. ದೊಡ್ಡ ಕೈ, ತೊಗಲು ಹಗ್ಗದಷ್ಟು ಒರಟು.

ಸಿಸ್ಟರ್ ಬಂದು ನೋಡಿ ಕ್ರಮ ಹಾಕಿಕೊಟ್ಟರು. ಬೆಳಿಗ್ಗೆ ಎಡ ಮಗ್ಗುಲು, ಅಂದರೆ ಮುಖ ಬಾಗಿಲ ಕಡೆ. ಮಧ್ಯಾಹ್ನ ಒಮ್ಮೆ ಬಲ ಮಗ್ಗುಲಿಗೆ ತಿರುಗಿಸುವುದು, ಮುಖ ಗೋಡೆ ಕಡೆ. ಸಂಜೆ ಅಂಗಾತ. "ಬಲಗಡೆ ಬಿದ್ದುಹೋದ ಮಗ್ಗುಲು. ಅದರ ಮೇಲೆ ಜಾಸ್ತಿ ಹೊತ್ತು ಬೇಡ. ನೋವು ಅವರಿಗೆ ಬೇಗ ತಿಳಿಯಲ್ಲ, ಹೇಳೋಕೂ ಬರಲ್ಲ" ಎಂದರು. ಮಧ್ಯಾಹ್ನ ಯಾರು ತಿರುಗಿಸುವುದು ಎಂಬ ಪ್ರಶ್ನೆ ಬಂತು. ಅದು ಪಾಳಿಯೊಳಗಿನ ಹೊತ್ತಲ್ಲ. ನಾನೇ ಹೇಳಿದೆ, "ಹೆಂಗೂ ಕ್ರಾಸಿನಾಗೇ ಇರ್ತೀನಿ ಸಿಸ್ಟರ್. ನಡ್ಕೊಂಡು ಬಂದು ತಿರುಗಿಸಿ ಹೋಗ್ತೀನಿ." ಯಾರೂ ಒತ್ತಾಯ ಮಾಡಲಿಲ್ಲ. ನಾನಾಗಿಯೇ ಕೊಟ್ಟ ಮಾತು.

ಆರಂಭದಲ್ಲಿ ಹೋಗುತ್ತಿದ್ದೆ. ಅದನ್ನೂ ಹೇಳಬೇಕು. ಬಿಸಿಲಲ್ಲಿ ಧೂಳು ತಿನ್ನುತ್ತಾ ಹೋದರೆ ಬೋರಜ್ಜ ಬಾಗಿಲಾಚೆಯ ದಾರಿ ನೋಡುತ್ತಾ ಮಲಗಿರುತ್ತಿದ್ದ. ಎತ್ತುಗಳು ಬರುವ ದಾರಿ ಅದು. ನನ್ನನ್ನು ಕಂಡರೆ ಟಕ್ ಟಕ್. "ಏನಜ್ಜ, ನಾನೂ ನಿನ್ನ ಹಿಂಡಿನೋನೇನು?" ಎಂದರೆ ಬಾಯಿಯ ಒಂದು ಕಡೆ ಮಾತ್ರ ನಗುತ್ತಿತ್ತು. ಆಮೇಲೆ ಗೋಡೆ ಕಡೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಕಾಲಿನ ನಡುವೆ ಬಟ್ಟೆ ಮಡಿಸಿಟ್ಟು ಬರುತ್ತಿದ್ದೆ. ಕ್ರಾಸಿಗೆ ಮರಳುವಷ್ಟರಲ್ಲಿ ಸಂಜೆಯ ಪಾಳಿ ಹತ್ತಿರ ಬಂದಿರುತ್ತಿತ್ತು. ಕಲ್ಲುಬೆಂಚಿನ ಮೇಲೆ ಮೈ ಚಾಚಲು ಹೊತ್ತು ಉಳಿಯುತ್ತಿರಲಿಲ್ಲ.

ಆಷಾಢ ಹಿಡಿದ ಮೇಲೆ ನನಗೆ ಜ್ವರ ಬಂತು. ರಜೆ ಕೇಳಲಿಲ್ಲ, ಕೇಳಿದರೆ ಬದಲಿ ಜನ ಇರಲಿಲ್ಲ. ಆ ಬೆಳಿಗ್ಗೆ ಬೋರಜ್ಜನ ಮೈ ಒರೆಸಿದ ಮೇಲೆ ಸ್ವಲ್ಪ ಹೊತ್ತು ಯೋಚಿಸುತ್ತಾ ನಿಂತೆ. ಮಧ್ಯಾಹ್ನ ನಡೆದು ಬರುವ ಶಕ್ತಿ ನನ್ನಲ್ಲಿ ಇರಲಿಲ್ಲ. ಬಾಗಿಲ ಕಡೆ ಮಲಗಿಸಿ ಹೋದರೆ ಸಂಜೆ ಪಾಪಮ್ಮ ಬಂದು ನೋಡುತ್ತಾಳೆ, ತಿಪ್ಪಣ್ಣ ಮಧ್ಯಾಹ್ನ ಬರಲಿಲ್ಲವೆಂದು ತಿಳಿಯುತ್ತಾಳೆ. ಅದಕ್ಕೆ ಬೆಳಿಗ್ಗೆಯೇ ಗೋಡೆ ಕಡೆ ತಿರುಗಿಸಿಬಿಟ್ಟೆ. ಸಂಜೆ ನೋಡಿದವರಿಗೆ ಎಲ್ಲ ಕ್ರಮದಂತೆಯೇ ಕಾಣುತ್ತದೆ. ಪಾಪಮ್ಮ ಹಿತ್ತಲಿನಲ್ಲಿ ಬುತ್ತಿ ಕಟ್ಟುತ್ತಿದ್ದಳು, ಆಮೇಲೆ ಹಿತ್ತಲ ಬಾಗಿಲಿನಿಂದಲೇ ಕೂಲಿಯ ಹೆಂಗಸರ ಜೊತೆ ಹೊರಟುಹೋದಳು.

ತಿರುಗಿಸುವಾಗ ಬೋರಜ್ಜ ಟಕ್ ಟಕ್ ಎಂದ. ಇದು ಬೆಳಗಿನ ಮಗ್ಗುಲಲ್ಲ ಎಂದು ಹೇಳುತ್ತಿದ್ದ. ನನಗೆ ಅರ್ಥವಾಯಿತು. "ಇವತ್ತೊಂದಿನ ಅಜ್ಜ" ಎಂದೆ.

ಆ ಮಧ್ಯಾಹ್ನ ಕಲ್ಲುಬೆಂಚಿನ ಮೇಲೆ ಸತ್ತವನಂತೆ ನಿದ್ದೆ ಮಾಡಿದೆ. ಎಷ್ಟೋ ತಿಂಗಳ ಮೇಲೆ ಬಂದ ನಿದ್ದೆ. ಆ ನಿದ್ದೆಯ ರುಚಿ ನನ್ನನ್ನು ಕೆಡಿಸಿತು. ಜ್ವರ ಹೋದ ಮೇಲೂ ಮರುದಿನ ಹಾಗೆಯೇ ಮಾಡಿದೆ. ಮಧ್ಯೆ ಕೆಲವು ದಿನ ನಾಚಿಕೆಯಾಗಿ ಹೋಗಿ ಬಂದೆ. ಆಮೇಲೆ ಹೋಗುವುದೇ ನಿಂತಿತು. ದಿನವೂ ಇವತ್ತೊಂದಿನ ಎನ್ನುತ್ತಿದ್ದೆ. ಸ್ವಲ್ಪ ದಿನಕ್ಕೆ ಅದನ್ನು ಹೇಳುವುದನ್ನೂ ಬಿಟ್ಟೆ. ಬೋರಜ್ಜನೂ ಟಕ್ ಟಕ್ ಎನ್ನುವುದನ್ನು ಬಿಟ್ಟ. ಮೈ ತಿರುಗಿಸುವಾಗ ನನ್ನ ಮುಖವನ್ನು ಮಾತ್ರ ನೋಡುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಅವನ ಕಣ್ಣ ಮುಂದೆ ಒಂದು ಮೊಳ ದೂರದ ಮಣ್ಣಿನ ಗೋಡೆ, ಕಿವಿಯಲ್ಲಿ ಆ ಗಾಳಿ.

ಒಂದು ದಿನ ಪಾಪಮ್ಮ ಕೈಯಲ್ಲಿ ಸಗಣಿ ಮಣ್ಣು ಕಲಸಿಕೊಂಡು ಗೋಡೆ ಸಾರಿಸುತ್ತಿದ್ದಳು. "ನೋಡ್ರಿ ತಿಪ್ಪಣ್ಣ, ಮಾಮ ಗೋಡೇನೆಲ್ಲ ಕೆರ್ದವ್ನೆ. ಹೋದ ವಾರಾನೂ ಸಾರಿಸಿದ್ದೆ. ಯಾಕ್ ಹಿಂಗ್ ಮಾಡ್ತಾನೆ?"

ಮಂಚದ ಎತ್ತರಕ್ಕೆ, ಎಡಗೈ ನಿಲುಕುವಷ್ಟು ಜಾಗದಲ್ಲಿ ಉಗುರಿನ ಗೀರುಗಳು. ಒಂದರ ಮೇಲೊಂದು, ಮಣ್ಣು ಉದುರುವಷ್ಟು ಆಳ.

"ಕೈಗೆ ಬಲ ಬರ್ತಾ ಐತಮ್ಮ. ಒಳ್ಳೇದೇ" ಎಂದೆ.

ಅವಳ ಮುಖ ಅರಳಿತು. ಆ ಗೀರುಗಳನ್ನು ಅರ್ಧ ಸಾರಿಸದೆ ಹಾಗೆಯೇ ಬಿಟ್ಟಳು, ಗಂಡ ಬಂದರೆ ತೋರಿಸಬೇಕೆಂದು.

ಬಲ ಸೊಂಟದ ಮೂಳೆಯ ಮೇಲೆ ಮೊದಲು ಕೆಂಪಗಾಯಿತು. ಒತ್ತಿದರೂ ಕೆಂಪು ಹೋಗಲಿಲ್ಲ. ಅದರ ಅರ್ಥ ನನಗೆ ಗೊತ್ತಿತ್ತು. ಸಿಸ್ಟರ್‌ಗೆ ಆ ತಿಂಗಳು ಎರಡು ತಾಲ್ಲೂಕಿನ ಹೊಣೆ ಬಿದ್ದಿತ್ತು, ಹಟ್ಟಿಗೆ ಬರಲಾಗಿರಲಿಲ್ಲ. ಚಳ್ಳಕೆರೆ ಬಸ್ ಸ್ಟಾಂಡಿನಲ್ಲಿ ಸಿಕ್ಕಾಗ ನನ್ನ ಪೂರ್ತಿ ಹೆಸರು ಹಿಡಿದು ಕೇಳಿದರು, "ಕಿಲಾರಿ ಅಜ್ಜನ ಚರ್ಮ ಹೇಗಿದೆ ತಿಪ್ಪೇಸ್ವಾಮಿ?"

"ಚೆನ್ನಾಗೈತೆ ಸಿಸ್ಟರ್."

"ನಿಮ್ಮ ಮೇಲೆ ನಂಬಿಕೆ ಐತ್ರಿ" ಎಂದು ನಮ್ಮ ಮಾತಿನಲ್ಲೇ ಹೇಳಿ ನಕ್ಕು ಬಸ್ಸು ಹತ್ತಿದರು. ಅವರು ಬೇರೆ ಕಡೆಯಿಂದ ಬಂದವರು. ನಮ್ಮಂತೆ ಮಾತಾಡಲು ಪ್ರಯತ್ನಿಸುತ್ತಿದ್ದರು.

ಕೆಂಪು ಕಪ್ಪಾಯಿತು. ಆಮೇಲೆ ಚರ್ಮ ಒಡೆಯಿತು. ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಹೇಗಾಯಿತು ಎಂದು ಕೇಳುತ್ತಾರೆ. ನಾನೇ ಔಷಧಿ ಹಚ್ಚಿ ಬಟ್ಟೆ ಕಟ್ಟಿದೆ. ಪಾಪಮ್ಮನಿಗೆ ಉಷ್ಣದ ಗುಳ್ಳೆ ಎಂದೆ. ಅವಳು ಪಾಪ, ಅಂಬಲಿಗೆ ಮಜ್ಜಿಗೆ ಜಾಸ್ತಿ ಬೆರೆಸತೊಡಗಿದಳು. ನಾಳೆಯಿಂದ ಮಧ್ಯಾಹ್ನ ತಪ್ಪದೆ ಹೋಗಬೇಕು ಎಂದು ದಿನವೂ ಅಂದುಕೊಂಡೆ. ಆದರೆ ಆ ಮನೆಗೆ ಹೋಗುವುದೇ ಈಗ ಹೆದರಿಕೆಯಾಗಿತ್ತು. ಬೋರಜ್ಜ ಪ್ಲಾಸ್ಟಿಕ್ ಹಾಳೆ ಹಾಸಲು ಒಪ್ಪುತ್ತಿರಲಿಲ್ಲ, ಕಂಬಳಿಯೇ ಬೇಕು. ಒದ್ದೆಯಾದ ಕಂಬಳಿಯ ಹುಳಿ ವಾಸನೆಯೊಳಗೆ ಇನ್ನೊಂದು ವಾಸನೆ ಸೇರಿಕೊಂಡಿತ್ತು. ಬಾಗಿಲು ದಾಟುವ ಮೊದಲೇ ಅದು ಎದುರಾಗುತ್ತಿತ್ತು. ನನ್ನ ಬಟ್ಟೆಗೂ ಅಂಟಿತ್ತೋ ಏನೋ, ಒಂದು ಸಂಜೆ ಬಸ್ಸಿನಲ್ಲಿ ನೂರ್‌ಜಾನ್ ಮೂಗು ಎತ್ತಿದಳು.

"ಭಾಯಿ, ನಿಮ್ ಮುದುಕಪ್ಪನ ಮಧ್ಯಾಹ್ನ ನನಗೆ ಕೊಡ್ರಿ. ದಿನ ಬಿಟ್ಟು ದಿನ ನಾನ್ ಹೋಗ್ತೀನಿ. ನಿಮ್ ಕಣ್ ನೋಡ್ರಿ, ಗುಳಿ ಬಿದ್ದೈತೆ."

"ಬೇಡಮ್ಮ. ಹೆಂಗಸ್ರು ಮುಟ್ಟಂಗಿಲ್ಲ ಅಂತ ಅವನ ನೇಮ."

"ನಾನ್ ಪಾಪಮ್ಮನ್ನ ಕೇಳ್ದೆ. ಜೀವಕ್ಕಿಂತ ನೇಮ ದೊಡ್ಡದಾ, ಬರ್ಲಿ ಅಕ್ಕ ಅಂದ್ಳು."

"ಬೇಡ ಅಂದ್ನಲ್ಲ. ನಾನು ಹೋಗ್ತಾ ಇದೀನಿ" ಎಂದು ರೇಗಿದೆ. ಅವಳು ಕಿಟಕಿ ಕಡೆ ತಿರುಗಿ ಕೂತಳು. ಅವಳು ಹೋದರೆ ಮೊದಲ ದಿನವೇ ಎಲ್ಲ ಗೊತ್ತಾಗುತ್ತಿತ್ತು. ಬೋರಜ್ಜ ಉಳಿಯುತ್ತಲೂ ಇದ್ದ.

ಶ್ರಾವಣ ಹುಟ್ಟಿತು. ಎರಡು ಹದವಾದ ಮಳೆ ಬಿದ್ದು ಕಾವಲಿನಲ್ಲಿ ಹುಲ್ಲು ಎದ್ದಿತೆಂದು ಸುದ್ದಿ ಬಂತು. ನಾಳೆ ಮಧ್ಯಾಹ್ನಕ್ಕೆ ಎತ್ತು ಬರುತ್ತವೆ ಎಂದು ಓಬಣ್ಣ ಹೇಳಿ ಕಳಿಸಿದ್ದ. ಪಾಪಮ್ಮ ಬಾಗಿಲ ಮುಂದೆ ಸಾರಿಸಿ, ಕೂರಿಸಲು ಯಾರ ಮನೆಯದೋ ಒಂದು ಕೈಕುರ್ಚಿ ತಂದಿಟ್ಟಿದ್ದಳು. ಆ ಬೆಳಿಗ್ಗೆ ಗಾಳಿ ಒಮ್ಮೆಲೇ ನಿಂತುಹೋಯಿತು. ಒಂದು ತಿಂಗಳು ಕಿವಿಯಲ್ಲಿ ತುಂಬಿದ್ದ ಸದ್ದು ಇಲ್ಲವಾದಾಗ ನನಗೆ ಸಮಾಧಾನವಾಗಲಿಲ್ಲ. ನಾಳೆ ಅವನನ್ನು ಕೂರಿಸುವುದು ಹೇಗೆ? ಗಾಯಕ್ಕೆ ನನ್ನ ಎರಡು ಬೆರಳು ಹಿಡಿಸುತ್ತಿದ್ದವು. ಅದೇ ಯೋಚನೆಯಲ್ಲಿ ಮೈ ಒರೆಸಿದೆ. ಗಾಯದ ಮಗ್ಗುಲನ್ನು ಅಂದಾದರೂ ಮೇಲೆ ಮಾಡಿ ಮಲಗಿಸಬೇಕಿತ್ತು. ಅಭ್ಯಾಸದ ಕೈ ಗೋಡೆ ಕಡೆಗೇ ತಿರುಗಿಸಿತು.

ತಂಗುದಾಣದಲ್ಲಿ ನಿದ್ದೆಯಲ್ಲಿದ್ದಾಗ ಗಂಟೆಗಳ ಸದ್ದು ಕೇಳಿಸಿತು. ಕನಸೆಂದುಕೊಂಡೆ. ಎದ್ದು ನೋಡಿದರೆ ಆಚೆ ಗೋಕಟ್ಟೆಯ ಸುತ್ತ ಬಿಳಿಯ ಬೆನ್ನುಗಳು ಸಾಲಾಗಿ ನಿಂತಿದ್ದವು. ಎತ್ತುಗಳು ನೀರು ಕುಡಿಯುತ್ತಿದ್ದವು. ಒಂದು ದಿನ ಮೊದಲೇ ಬಂದುಬಿಟ್ಟಿದ್ದವು. ಗಾಳಿ ನಿಂತದ್ದೇ ತಾವಾಗಿ ಹಟ್ಟಿಯ ದಾರಿ ಹಿಡಿದವೆಂದು ಓಬಣ್ಣ ಆಮೇಲೆ ಹೇಳಿದ.

ಓಡಿದೆ. ಜಾಲಿಯ ಮುಳ್ಳು ಹಾಯ್ದು ಅಡ್ಡದಾರಿಯಲ್ಲಿ ಓಡಿದೆ. ಅವು ನೀರು ಕುಡಿದು ಹೊರಡುವಷ್ಟರಲ್ಲಿ ಮನೆ ಸೇರಿ ಅವನನ್ನು ಬಾಗಿಲ ಕಡೆ ತಿರುಗಿಸಿದರೆ ಸಾಕು ಎಂಬುದೊಂದೇ ತಲೆಯಲ್ಲಿತ್ತು. ನೋಡಿ, ಆ ನೀರಿನ ಹೊತ್ತು ನನಗೆ ಸಿಕ್ಕಿದ ಅವಕಾಶವಾಗಿತ್ತು, ಓಬಣ್ಣನ ತಪ್ಪಲ್ಲ. ಆದರೆ ನಾನು ಹಟ್ಟಿಯ ಓಣಿಗೆ ಬರುವಾಗ ಹಿಂಡು ಓಣಿ ತುಂಬಿ ನಡೆಯುತ್ತಿತ್ತು. ದೇವರ ಎತ್ತುಗಳ ಮುಂದೆ ಯಾರೂ ಅಡ್ಡ ಹಾಯುವಂತಿಲ್ಲ. ಅವುಗಳ ಹಿಂದೆ, ಸಗಣಿಯ ಮೇಲೆ ಕಾಲಿಡುತ್ತಾ ನಿಧಾನ ನಡೆದೆ. ಬೋರಜ್ಜನ ಬಾಗಿಲಿಗೆ ಬಂದಾಗ ಮುಂದಿನೆತ್ತು ತಾನೇ ನಿಂತಿತು. ಹಿಂಡೂ ನಿಂತಿತು.

"ಅಪ್ಪಾ, ಬಂದ್ವಿ" ಎಂದು ಓಬಣ್ಣ ಹೊಸಿಲಲ್ಲಿ ನಿಂತು ಕೂಗಿದ.

ಒಳಗಿನಿಂದ ಟಕ್ ಟಕ್ ಟಕ್ ಟಕ್ ಎಂದು ಕೇಳಿಸಿತು. ಅಷ್ಟು ದಿನ ನಿಂತಿದ್ದ ಸದ್ದು. ಎತ್ತುಗಳೆಲ್ಲ ಕಿವಿ ನೆಟ್ಟಗೆ ಮಾಡಿದವು. ನಾನು ಬಗ್ಗಿ ನೋಡಿದೆ. ಮುದುಕನ ಬೆನ್ನು ನಮ್ಮ ಕಡೆ ಇತ್ತು. ಎಡಗೈಯಿಂದ ಗೋಡೆಗೆ ಒತ್ತು ಕೊಟ್ಟು ಮೈಯನ್ನು ಹಿಂದಕ್ಕೆ ತಳ್ಳಲು ಒದ್ದಾಡುತ್ತಿದ್ದ. ಗೋಡೆಯ ಮಣ್ಣು ಪುಡಿಪುಡಿಯಾಗಿ ಮಂಚದ ಮೇಲೆ ಉದುರುತ್ತಿತ್ತು. ಓಬಣ್ಣ ಧಾವಿಸಿ ತೋಳು ಹಿಡಿದು ಎತ್ತಿದ. ಕಂಬಳಿ ಸೊಂಟಕ್ಕೆ ಅಂಟಿಕೊಂಡು ಮೇಲೆ ಬಂತು. ಆಗ ಬೋರಜ್ಜ ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ. ಮುಂದಿನೆತ್ತು ಬೆದರಿ ಹಿಂದೆ ಸರಿಯಿತು, ಹಿಂಡೆಲ್ಲ ಗಲಿಬಿಲಿಯಾಗಿ ಮುಳ್ಳುಬೇಲಿಯ ರೊಪ್ಪದ ಕಡೆ ಓಡಿತು. ಅವನ ಮುಖ ಬಾಗಿಲಿಗೆ ತಿರುಗುವ ಹೊತ್ತಿಗೆ ಅಲ್ಲಿ ಧೂಳಿತ್ತು.

ಹೊಲದಿಂದ ಪಾಪಮ್ಮ ಮಣ್ಣು ಕೈಯಲ್ಲೇ ಓಡಿ ಬಂದಳು. "ಅಪ್ಪನ್ನ ಯಾಕೆ ಗೋಡೆ ಕಡೆ ಮಲಗ್ಸಿದ್ರಿ?" ಎಂದು ಓಬಣ್ಣ ಅಳುತ್ತಾ ಕೇಳಿದ. ಉತ್ತರ ಕೊಟ್ಟವಳು ಅವಳೇ. "ಮಧ್ಯಾಹ್ನ ಗೋಡೆ ಕಡೇನೇ ಮಲಗ್ಸೋದು. ತಿಪ್ಪಣ್ಣ ದಿನಾ ಬಂದು ತಿರುಗಿಸಿ ಹೋಗ್ತಾರೆ. ಈಗ್ಲೂ ಬಂದು ಹೋಗವ್ರೆ. ಅಲ್ಲೇನಣ್ಣ?"

ಎಲ್ಲರೂ ನನ್ನನ್ನು ನೋಡಿದರು. ಬೋರಜ್ಜನೂ ನೋಡಿದ.

"ಹೂಂ. ಈಗಷ್ಟೇ ತಿರುಗಿಸಿ ಕ್ರಾಸಿನ ಕಡೆ ಹೊರಟಿದ್ದೆ. ಗಂಟೆ ಕೇಳಿ ಓಡಿ ಬಂದೆ" ಎಂದೆ.

ಓಬಣ್ಣ ಹೊಸಿಲ ಮೇಲೆ ಕೂತು ಹಣೆ ಹಣೆ ಬಡಿದುಕೊಂಡ. "ಗೋಕಟ್ಟೇಲಿ ನಿಂತೆ. ಎತ್ತಿಗೆ ನೀರು ಕುಡಿಸ್ತಾ ನಿಂತ್ಕಂಡೆ. ನಿಲ್ದೇ ಬಂದಿದ್ರೆ ಅಪ್ಪ ಇನ್ನೂ ಬಾಗಿಲ ಕಡೆ ಇರ್ತಿದ್ದ" ಎನ್ನುತ್ತಲೇ ಇದ್ದ. ನಾನು ಅವನ ಬೆನ್ನು ಸವರಿದೆ. ಈ ಕೈಯಿಂದಲೇ ಸವರಿದೆ.

ಗಾಡಿ ಬರುವವರೆಗೆ ಗಾಯ ಕಟ್ಟಲು ನೂರ್‌ಜಾನ್‌ಳನ್ನು ಕರೆಸಿದರು. ಅವಳು ಬಟ್ಟೆ ಬಿಚ್ಚಿ ನೋಡಿದಳು. "ಭಾಯಿ, ಇದು ಒಂದಿನದ್ ಗಾಯ ಅಲ್ಲ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ಗೋಡೆಯ ಗೀರುಗಳನ್ನು ನೋಡಿದಳು. ಅಂದಿನಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಅವಳು ನಿಂತೇ ಪ್ರಯಾಣ ಮಾಡುತ್ತಿದ್ದಳು.

ಬೋರಜ್ಜನನ್ನು ಚಳ್ಳಕೆರೆಗೆ ಸಾಗಿಸಿದರು. ಗಾಯದ ವಿಷ ಮೈಗೆಲ್ಲ ಏರಿತ್ತು. ಗೌರಿ ಹಬ್ಬಕ್ಕೆ ಮುಂಚೆ ಹೋದ. ತಿಥಿಯ ದಿನ ಓಬಣ್ಣ ಒಗೆದು ಒಣಗಿಸಿದ ಅವನ ಕಂಬಳಿಯನ್ನು ನನ್ನ ಹೆಗಲಿಗೆ ಹೊದಿಸಿ, "ಮಗ ಮಾಡೋದ್ನ ನೀವ್ ಮಾಡಿದ್ರಿ" ಎಂದ. ಬೇಡ ಎನ್ನಲು ಕಾರಣ ಹೇಳಬೇಕಿತ್ತು. ಹೊದ್ದುಕೊಂಡೆ. ಅವತ್ತು ಬಸ್ಸಿನ ಸೀಟಿನಲ್ಲಿ ಬೇಕೆಂದೇ ಅದನ್ನು ಬಿಟ್ಟು ಇಳಿದೆ. ಮರುದಿನ ಕಂಡಕ್ಟರ್ ನಗುತ್ತಾ ತಂದು ಕೊಟ್ಟ. "ನಿನ್ ಮಾಲು ನಿನಗೇ ಸ್ವಾಮಿ, ನಾನು ಕದಿಯೋನಲ್ಲ." ಆಮೇಲೆ ನಾನು ಆ ಕೆಲಸ ಬಿಟ್ಟೆ. ಕಂಬಳಿ ಅಟ್ಟ ಸೇರಿತು.

ಸಂತೆಯಿಂದ ಬಂದ ಮೇಲೆ ಅಟ್ಟದಿಂದ ಅದನ್ನು ಇಳಿಸಿದೆ. ಹಟ್ಟಿಗೆ ಹೋದೆ. ದಾರಿಯಲ್ಲಿ ಜನ ಹೇಳಿದರು, ಕಾವಲಿನಲ್ಲಿ ಈಗ ಉದ್ದಕ್ಕೂ ಸರ್ಕಾರಿ ಸಂಸ್ಥೆಗಳ ಗೋಡೆ ಎದ್ದಿದೆ, ಎತ್ತುಗಳಿಗೆ ಮೇವು ಹುಡುಕಿ ಬೇರೆ ಕಡೆ ಸುತ್ತಬೇಕು ಎಂದು. ಪಾಪಮ್ಮ ಇಲ್ಲ, ತೀರಿಕೊಂಡು ಕೆಲವು ವರ್ಷಗಳಾಗಿವೆ. ಓಬಣ್ಣ ರೊಪ್ಪದ ಹತ್ತಿರ ಬೇವಿನ ನೆರಳಲ್ಲಿ ಕೂತಿದ್ದ. ಕಂಬಳಿಯನ್ನು ಮುಂದಿಟ್ಟು ಎಲ್ಲ ಹೇಳಿದೆ. ಜ್ವರದ ಬೆಳಿಗ್ಗೆಯಿಂದ ಗೀರುಗಳವರೆಗೆ, ಈಗಷ್ಟೇ ತಿರುಗಿಸಿದೆ ಎಂದ ಸುಳ್ಳಿನವರೆಗೆ. ಅವನು ಒಂದೇ ಮಾತು ಕೇಳಿದ.

"ಅಪ್ಪಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಕಂಬಳಿಯನ್ನು ಎತ್ತಿಕೊಂಡು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ. ನೆರಳು ಸರಿದು ಬಿಸಿಲು ಬರುವವರೆಗೆ ಕಾದು ನಾನು ಎದ್ದು ಬಂದೆ.

ಶ್ರಾವಣಕ್ಕೆ ಮತ್ತೆ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಇನ್ನಾದರೂ ಎತ್ತುಗಳು ಗೋಕಟ್ಟೆಯಲ್ಲಿ ನಿಂತು ಕುಡಿಯುವುದನ್ನು ನೋಡಬೇಕಿತ್ತು. ಅಷ್ಟಾದರೂ ಸರಿಹೋಗಬಹುದೆಂದು ಆಸೆ. ತಂಗುದಾಣದ ಕಲ್ಲುಬೆಂಚು ಇನ್ನೂ ಇದೆ, ಅದರ ಮೇಲೆ ಕೂರಲಿಲ್ಲ. ಗೋಕಟ್ಟೆಯ ಏರಿಯ ಮೇಲೆ ನಿಂತೆ. ಆ ವರ್ಷ ನೀರು ತುಂಬಿತ್ತು.

ಹಿಂಡು ಬಂತು. ಮುಂದೆ ಎಳೆ ವಯಸ್ಸಿನ ಇಬ್ಬರು ಕಿಲಾರಿಗಳು, ಹಿಂದೆ ಹೆಗಲ ಮೇಲೆ ಹಳೆಯ ಕಂಬಳಿ ಹೊದ್ದ ಓಬಣ್ಣ. ಎತ್ತುಗಳು ನೀರಿನ ವಾಸನೆಗೆ ಕತ್ತು ತಿರುಗಿಸಿದವು. ಇಬ್ಬರೂ ಕೋಲು ಅಡ್ಡ ಹಿಡಿದು ದಾರಿಗೆ ತಿರುಗಿಸಿದರು.

"ಕುಡೀಲಿ ಬಿಡ್ರಪ್ಪ, ಬಿಸಿಲು ಐತೆ" ಎಂದೆ.

"ಇಲ್ಲಿ ಕುಡಿಸಂಗಿಲ್ಲ ಯಜಮಾನ್ರೇ. ಪದ್ಧತಿ" ಎಂದ ಒಬ್ಬ.

"ಯಾವಾಗಿಂದ?"

"ಮೊದ್ಲಿಂದ. ತಾತನ ಕಾಲದಿಂದ."

ನಾನು ಓಬಣ್ಣನನ್ನು ನೋಡಿದೆ. ಅವನು ಹತ್ತಿರ ಬಂದು ನಿಂತ. "ಕುಡಿಸ್ರಿ ಅಂದ್ರೆ ಯಾಕೆ ಅಂತಾರೆ. ಅವ್ರಿಗೆ ಏನಂತ ಹೇಳ್ಲಿ?" ಎಂದು ಮೆಲ್ಲಗೆ ಕೇಳಿದ. ಕೋಪವಿರಲಿಲ್ಲ, ನಿಜವಾಗಿಯೂ ಕೇಳಿದ.

ಹಿಂದುಳಿದ ಒಂದು ಎತ್ತು ಏರಿ ಇಳಿದು ನೀರಿಗೆ ಮೂತಿ ಚಾಚಿತ್ತು. ಇನ್ನೇನು ತಾಕಬೇಕು. ಓಬಣ್ಣ ಅದನ್ನು ನೋಡಿದ. ಆಮೇಲೆ ನಾಲಗೆಯನ್ನು ಅಂಗುಳಿಗೆ ತಾಗಿಸಿದ. ಟಕ್ ಟಕ್. ಎತ್ತು ತಲೆ ಎತ್ತಿತು, ನೀರು ಬಿಟ್ಟು ಹಿಂಡು ಸೇರಿತು.